ಒಂದೇ ಜೀವಕ್ಕೆ ಎರಡು ಸೈಕಲ್ ಏಕೆ?

ಅಕ್ಟೋಬರ್ ತಿಂಗಳ ಕೊನೆಯ ಭಾನುವಾರ ಬ್ರಿಟನ್ನಿನಲ್ಲಿ ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸುತ್ತಾರೆ. ಅದೇ ವಾರ ನಾನು ಹಗುರವಾದ ಕಾರ್ಬನ್ ನಾರಿನ ಫ್ರೇಮಿರುವ ನನ್ನ ಸೈಕಲ್ಲನ್ನು ತೊಳೆದು ಒರೆಸಿ ಮನೆಯೊಳಗಿನ ಗೋಡೆಗೆ ತೂಗುಹಾಕುತ್ತೇನೆ. ಹಿತ್ತಲಿನ ಶೆಡ್‌ನಿಂದ ಹಳೆಯ ಅಲ್ಯೂಮಿನಿಯಂ ಸೈಕಲ್ ಹೊರಗೆ ಬರುತ್ತದೆ. ಎಂಟು ಗೇರು, ಉದ್ದನೆಯ ಮಡ್‌ಗಾರ್ಡ್, ಬಣ್ಣ ಕೆತ್ತಿಹೋದ ಫ್ರೇಮು. ಐದು ವರ್ಷದ ಹಿಂದೆ ಒಬ್ಬರು ಬಳಸಿದ್ದನ್ನು 250 ಪೌಂಡ್ ಕೊಟ್ಟು ತಂದದ್ದು. ಒಳ್ಳೆಯ ಸೈಕಲ್ ಇರುವಾಗ ಚಳಿಗಾಲದ ಅಭ್ಯಾಸಕ್ಕೆ ಈ ಅಗ್ಗದ ಸೈಕಲ್ ಏಕೆ ಎಂದು ನಾನಿರುವ ಶೆಫೀಲ್ಡ್ ನಗರದ ಕನ್ನಡಿಗ ಗೆಳೆಯರು ಪ್ರತಿ ವರ್ಷ ಕೇಳುತ್ತಾರೆ. ಜಮಖಂಡಿಯಲ್ಲಿರುವ ಕಾಕಾ ಕೂಡ ವಿಡಿಯೊ ಕರೆಯಲ್ಲಿ ಅದನ್ನೇ ಕೇಳಿದರು: "ಒಂದೇ ಜೀವಕ್ಕೆ ಎರಡು ಸೈಕಲ್ ಏಕೆ ತಮ್ಮಾ?"

ಕಾಕಾ ಹಾಗೆ ಕೇಳುವುದು ನ್ಯಾಯವೇ. ನಮ್ಮ ಕಡೆ ಚಳಿಗಾಲವೆಂದರೆ ಸೈಕಲ್ ತುಳಿಯುವವರಿಗೆ ಹಬ್ಬ. ಜಮಖಂಡಿ, ವಿಜಯಪುರದ ಹುಡುಗರು ನಸುಕಿನಲ್ಲಿ ಗುಂಪುಗಟ್ಟಿ ಹೊರಡುವ ಕಾಲ ಅದು. ರಸ್ತೆ ಒಣಗಿರುತ್ತದೆ, ಗಾಳಿ ತಂಪಾಗಿರುತ್ತದೆ. ಕಬ್ಬು ತುಂಬಿದ ಟ್ರ್ಯಾಕ್ಟರ್‌ಗಳು ಎದುರಾದಾಗ ರಸ್ತೆ ಬಿಟ್ಟು ಇಳಿಯಬೇಕು, ತೊಂದರೆ ಎಂದರೆ ಅಷ್ಟೇ. ಅಲ್ಲಿ ಒಳ್ಳೆಯ ಸೈಕಲ್ಲನ್ನು ಹೊರತೆಗೆಯುವುದೇ ಚಳಿಗಾಲದಲ್ಲಿ. ಇಲ್ಲಿ ಎಲ್ಲವೂ ತಿರುಗುಮುರುಗು. ಡಿಸೆಂಬರ್ ನಡುವೆ ಸೂರ್ಯ ಹುಟ್ಟುವಾಗ 8 ಗಂಟೆ ದಾಟಿರುತ್ತದೆ, ಸೂರ್ಯ 4 ಗಂಟೆಗೂ ಮುಂಚೆ ಮುಳುಗುತ್ತಾನೆ. ಮಳೆ ನಿಂತಿದ್ದರೂ ರಸ್ತೆ ವಾರಗಟ್ಟಲೆ ಒಣಗುವುದಿಲ್ಲ. ಇವೆಲ್ಲವನ್ನೂ ಸಹಿಸಬಹುದು. ಸೈಕಲ್ಲಿಗೆ ನಿಜವಾದ ಶತ್ರು ಉಪ್ಪು.

ನೀರು ಹೆಪ್ಪುಗಟ್ಟುವ ಸೂಚನೆ ಸಿಕ್ಕ ಸಂಜೆ ಪಾಲಿಕೆಯ ಲಾರಿಗಳು ಮುಖ್ಯ ರಸ್ತೆಗಳಿಗೆ ಉಪ್ಪು ಎರಚುತ್ತಾ ಹೋಗುತ್ತವೆ. ಅಡುಗೆಮನೆಯ ಬಿಳಿಯ ಉಪ್ಪಲ್ಲ, ಮಣ್ಣು ಬೆರೆತು ಕಂದು ಬಣ್ಣಕ್ಕೆ ತಿರುಗಿದ ಗಣಿಯ ಉಪ್ಪು. ಚೆಷೈರ್‌ನ ವಿನ್ಸ್‌ಫರ್ಡ್‌ನಲ್ಲಿ 1844ರಲ್ಲಿ ಆರಂಭವಾದ ಗಣಿಯಿಂದ ಇಂದಿಗೂ ಇಂಥ ಉಪ್ಪು ತೆಗೆಯುತ್ತಾರೆ. ಉಪ್ಪು ಬೆರೆತ ನೀರು ಸೊನ್ನೆ ಡಿಗ್ರಿಯಲ್ಲಿ ಹೆಪ್ಪುಗಟ್ಟುವುದಿಲ್ಲ, ಅದರಿಂದ ಎಷ್ಟೋ ಜನರ ಜೀವ ಉಳಿಯುತ್ತದೆ. ಅದೇ ನೀರು ಮುಂದಿನ ಚಕ್ರದಿಂದ ಚಿಮ್ಮಿ ಸೈಕಲ್ಲಿನ ಪ್ರತಿ ಸಂದಿಗೂ ನುಗ್ಗುತ್ತದೆ.

ಇಲ್ಲಿಗೆ ಬಂದ ಮೊದಲ ಚಳಿಗಾಲದಲ್ಲಿ ನನಗೆ ಇದು ಗೊತ್ತಿರಲಿಲ್ಲ. ಇದ್ದ ಒಂದೇ ಕಾರ್ಬನ್ ಸೈಕಲ್ಲನ್ನು ಮಡ್‌ಗಾರ್ಡ್ ಇಲ್ಲದೆ ಫೆಬ್ರುವರಿಯವರೆಗೂ ಓಡಿಸಿದೆ. ಒಂದು ದಿನ ತಿರುವಿನಲ್ಲಿ ಹ್ಯಾಂಡಲ್ ಕಟಕಟ ಎಂದಿತು. ಬಿಚ್ಚಿ ನೋಡಿದರೆ ಫೋರ್ಕಿನ ಬುಡದಲ್ಲಿ ಕೂರುವ ಬೇರಿಂಗ್‌ನಿಂದ ಚಹಾದ ಬಣ್ಣದ ನೀರು ಬೆರಳ ಮೇಲೆ ಇಳಿಯಿತು. ಗ್ರೀಸಿನ ಸುಳಿವೇ ಇರಲಿಲ್ಲ. ಗುಂಡುಗಳ ಮೇಲೆ ರಾಗಿ ಹಿಟ್ಟು ಉದುರಿಸಿದಂತೆ ತುಕ್ಕು ಹಿಡಿದಿತ್ತು, ಬೆರಳಿನಿಂದ ತಿರುಗಿಸಿದರೆ ಮರಳು ಅರೆದ ಸದ್ದು ಬರುತ್ತಿತ್ತು. ಸೀಟಿನ ಅಲ್ಯೂಮಿನಿಯಂ ಕೊಳವೆಯಂತೂ ಕಾರ್ಬನ್ ಫ್ರೇಮಿಗೆ ಕಚ್ಚಿಕೊಂಡು ಅಲುಗಾಡಲಿಲ್ಲ. ಕಾರ್ಬನ್ನೂ ಅಲ್ಯೂಮಿನಿಯಮ್ಮೂ ಒಂದಕ್ಕೊಂದು ತಾಗಿಕೊಂಡಿರುವಲ್ಲಿ ಉಪ್ಪುನೀರು ಸೇರಿದರೆ ಅಲ್ಯೂಮಿನಿಯಂ ಕೊರೆದು ಪುಡಿಯಾಗಿ ಸಂದನ್ನೆಲ್ಲ ತುಂಬಿಬಿಡುತ್ತದೆ. ಎರಡು ದಿನ ಹೆಣಗಿ ಅದನ್ನು ಹೊರತೆಗೆದಾಗ ನನಗೆ ಅಳುವೇ ಬಂದಿತ್ತು.

ಖರ್ಚಿನ ಲೆಕ್ಕ ಆಮೇಲೆ ತಾನಾಗಿ ತಿಳಿಯಿತು. ಎಂಟು ಗೇರಿನ ಚೈನು 10ರಿಂದ 15 ಪೌಂಡಿಗೆ ಸಿಗುತ್ತದೆ. ಹನ್ನೊಂದು, ಹನ್ನೆರಡು ಗೇರಿನದಕ್ಕೆ ಅದರ ಎರಡು ಮೂರು ಪಟ್ಟು ತೆರಬೇಕು. ಉಪ್ಪು, ಮರಳು ಸೇರಿ ಅರೆಯುವ ರಸ್ತೆಯಲ್ಲಿ ಚೈನು ಬೇಸಿಗೆಯಲ್ಲಿ ಬಾಳುವಷ್ಟು ದಿನ ಎಂದೂ ಬಾಳುವುದಿಲ್ಲ. ಹೇಗೂ ಸವೆಯುವುದಾದರೆ ಅಗ್ಗದ ಚೈನೇ ಸವೆಯಲಿ.

ಆದರೆ ಗೆಳೆಯರು ಕೇಳಿದಾಗ ನಾನು ಮೊದಲು ಹೇಳುವುದು ಹಣದ ವಿಷಯವಲ್ಲ, ಮನಸ್ಸಿನ ವಿಷಯ. ಆ ಮೊದಲ ಚಳಿಗಾಲದ ಕೊನೆಯ ವಾರಗಳಲ್ಲಿ ನಾನು ಕಿಟಕಿಯಾಚೆ ನೋಡಿ, ಒದ್ದೆ ರಸ್ತೆ ಕಂಡರೆ "ಇವತ್ತು ಬೇಡ, ಸೈಕಲ್ ಹಾಳಾಗುತ್ತದೆ" ಎಂದು ಒಳಗೇ ಉಳಿಯತೊಡಗಿದ್ದೆ. ಕಾಲು ಸಿದ್ಧವಿದ್ದರೂ ಮನಸ್ಸು ಸೈಕಲ್ಲಿಗೆ ಕಾವಲು ಕೂತಿತ್ತು. ಚಳಿಗಾಲದ ಅಭ್ಯಾಸವೆಂದರೆ ಓಟದ ವೇಗ ಸಾಧಿಸುವುದಲ್ಲ. ಉಸಿರು ಏರದ ಹಾಗೆ, ಪಕ್ಕದವರೊಡನೆ ಮಾತಾಡುತ್ತಾ, ಎರಡು ಮೂರು ಗಂಟೆ ತುಳಿಯುವುದು. ವಾರ ತಪ್ಪದೆ ತುಳಿಯುವುದು. ಅಗ್ಗದ ಸೈಕಲ್ ಬಂದ ವರ್ಷ ನಾನು ನವೆಂಬರ್‌ನಿಂದ ಮಾರ್ಚ್‌ವರೆಗೆ ಒಂದೇ ಒಂದು ಭಾನುವಾರವನ್ನೂ ಒದ್ದೆ ರಸ್ತೆಯ ಕಾರಣಕ್ಕೆ ಬಿಡಲಿಲ್ಲ. ನನ್ನ ಪಾಲಿಗೆ ಅದರ ಬೆಲೆ ಅಲ್ಲಿಯೇ ತೀರಿತು.

ಭಾರದ ಸೈಕಲ್ಲಿನಲ್ಲಿ ಅಭ್ಯಾಸ ಮಾಡಿದರೆ ನಷ್ಟವಿಲ್ಲವೇ ಎಂಬುದು ಮುಂದಿನ ಪ್ರಶ್ನೆ. ಲೆಕ್ಕ ಹಾಕಿ ನೋಡಿ. ನನ್ನ ತೂಕ 70 ಕಿಲೊ, ಕಾರ್ಬನ್ ಸೈಕಲ್ 8, ಚಳಿಗಾಲದ್ದು 11. ಒಟ್ಟು ತೂಕ 78 ಇದ್ದದ್ದು 81 ಆಗುತ್ತದೆ, ನೂರಕ್ಕೆ ನಾಲ್ಕರಷ್ಟೂ ಹೆಚ್ಚಲಿಲ್ಲ. ಶೆಫೀಲ್ಡ್‌ನ ಹಂಟರ್ಸ್ ಬಾರ್‌ನಿಂದ ಊರಂಚಿನ ರಿಂಗಿಂಗ್‌ಲೋವರೆಗಿನ ಏರು ನನಗೆ 20 ನಿಮಿಷ ಹಿಡಿಯುತ್ತದೆ. ಅಷ್ಟೇ ಶಕ್ತಿ ಹಾಕಿ ತುಳಿದರೆ ಭಾರದ ಸೈಕಲ್ಲಿನಲ್ಲಿ ಮುಕ್ಕಾಲು ನಿಮಿಷ ತಡವಾಗುತ್ತದೆ. ಎದೆಬಡಿತಕ್ಕೆ ಗೊತ್ತಾಗುವುದು ನೀವು ಎಷ್ಟು ಹೊತ್ತು, ಎಷ್ಟು ಬಲವಾಗಿ ತುಳಿದಿರಿ ಎಂಬುದಷ್ಟೇ. ಹಿಂದೆಲ್ಲ ಇಲ್ಲಿನ ಕ್ಲಬ್ಬುಗಳ ಸವಾರರು ಚಳಿಗಾಲವಿಡೀ ಒಂದೇ ಗೇರಿನ, ಕಾಲು ನಿಲ್ಲಿಸಲು ಬಾರದ ಸೈಕಲ್ಲಿನಲ್ಲಿ ಬೆಟ್ಟ ಹತ್ತಿ ಇಳಿಯುತ್ತಿದ್ದರು.

ತೂಕಕ್ಕಿಂತ ನೂರು ಪಾಲು ಮುಖ್ಯವಾದದ್ದು ಅಳತೆ. ಇದನ್ನು ಎಷ್ಟು ಒತ್ತಿ ಹೇಳಿದರೂ ನನಗೆ ಸಾಲದು. ಪೆಡಲ್ ತೋಳುಗಳು ತಿರುಗುವ ನಡು ಅಚ್ಚಿನಿಂದ ಸೀಟಿನ ಮೇಲ್ಭಾಗದವರೆಗಿನ ಎತ್ತರ, ಸೀಟಿನ ತುದಿಯಿಂದ ಹ್ಯಾಂಡಲ್‌ವರೆಗಿನ ದೂರ, ಸೀಟಿಗೂ ಹ್ಯಾಂಡಲ್‌ಗೂ ಇರುವ ಏರಿಳಿತ, ಈ ಮೂರನ್ನೂ ಟೇಪು ಹಿಡಿದು ಅಳೆದು ಎರಡು ಸೈಕಲ್ಲಿಗೂ ಒಂದೇ ಆಗುವಂತೆ ಕೂರಿಸಬೇಕು. ಸೀಟೂ ಪೆಡಲ್ಲೂ ಎರಡರಲ್ಲೂ ಒಂದೇ ಬಗೆಯವಿದ್ದರೆ ಇನ್ನೂ ಒಳ್ಳೆಯದು. ನಾನು ಒಂದು ತಿಂಗಳು ಸೀಟನ್ನು 8 ಮಿಲಿಮೀಟರ್ ಕೆಳಗಿಟ್ಟು ತುಳಿದೆ, ಮಂಡಿಯ ಚಿಪ್ಪಿನ ಮುಂದೆ ಶುರುವಾದ ನೋವು ಏಪ್ರಿಲ್‌ವರೆಗೂ ಬಿಡಲಿಲ್ಲ. ಸೈಕಲ್ ಅಗ್ಗದ್ದು ಎಂದು ಮಂಡಿಯನ್ನು ಅಗ್ಗವಾಗಿ ಕಾಣಬಾರದು.

ಟಯರು, ಬ್ರೇಕು, ದೀಪ ಇವುಗಳಲ್ಲೂ ಕೈ ಬಿಗಿ ಹಿಡಿಯಬೇಡಿ. ಹೊಲದ ಬೇಲಿಗಳನ್ನು ಮಾರ್ಚ್ 1ರಿಂದ ಆಗಸ್ಟ್ 31ರವರೆಗೆ ಕತ್ತರಿಸಬಾರದೆಂಬ ನಿಯಮ ಇಂಗ್ಲೆಂಡಿನಲ್ಲಿದೆ, ಹಕ್ಕಿಗಳು ಗೂಡು ಕಟ್ಟುವ ಕಾಲವದು. ಹಾಗಾಗಿ ಕತ್ತರಿಸುವ ಕೆಲಸವೆಲ್ಲ ಚಳಿಗಾಲದ ಬಾಯಿಗೆ ಬರುತ್ತದೆ, ಹಾಥಾರ್ನ್ ಮುಳ್ಳು ಹಳ್ಳಿಯ ದಾರಿತುಂಬ ಚೆಲ್ಲುತ್ತದೆ. ನಮ್ಮ ಜಾಲಿ ಮುಳ್ಳನ್ನು ಬಲ್ಲವರಿಗೆ ಅದರ ಗುಣ ವಿವರಿಸಬೇಕಾಗಿಲ್ಲ. 28 ಮಿಲಿಮೀಟರ್ ಅಗಲದ, ಒಳಗೆ ದಪ್ಪ ಪಟ್ಟಿಯಿರುವ ಟಯರು ಹಾಕಿ, ಗಾಳಿ ಬೇಸಿಗೆಗಿಂತ ತುಸು ಕಡಿಮೆ ಇಡಿ. ಒದ್ದೆಯಲ್ಲಿ ಹಿಡಿತ ಸಿಗುತ್ತದೆ. ಕತ್ತಲಲ್ಲಿ ಮುಂದೆ ಬಿಳಿ, ಹಿಂದೆ ಕೆಂಪು ದೀಪ ಕಾನೂನಿನ ಮಾತು. ಮಡ್‌ಗಾರ್ಡ್ ಮರ್ಯಾದೆಯ ಮಾತು: ಅದಿಲ್ಲದಿದ್ದರೆ ನಿಮ್ಮ ಹಿಂದೆ ಬರುವವರ ಬಾಯಿಗೇ ಕೆಸರು. ಚಳಿಗಾಲದ ಗುಂಪಿನಲ್ಲಿ ಅದಿಲ್ಲದವರನ್ನು ಎಷ್ಟೋ ಕ್ಲಬ್ಬುಗಳು ಸೇರಿಸಿಕೊಳ್ಳುವುದಿಲ್ಲ.

ಉಪ್ಪು ತಿಂದವನು ನೀರು ಕುಡಿಯಲೇಬೇಕು. ಮನೆಗೆ ಬಂದ ಕೂಡಲೇ, ನಾನು ಸ್ನಾನಕ್ಕೆ ಹೋಗುವ ಮುನ್ನ, ಸೈಕಲ್ಲಿಗೆ ಸ್ನಾನ. ಎರಡು ಬಕೆಟ್ ಉಗುರುಬೆಚ್ಚಗಿನ ನೀರು, ಒಂದು ಬ್ರಷ್ಷು, ಹಳೆಯ ಬನಿಯನ್ನು ಸಾಕು. ಒತ್ತಡದ ಪಂಪು ಬೇಡ, ಅದು ಬೇರಿಂಗ್‌ಗೆ ನೀರು ನುಗ್ಗಿಸುತ್ತದೆ. ಚೈನು ಒರೆಸಿ ಎಣ್ಣೆ ಬಿಟ್ಟ ಮೇಲೆ ಬ್ರೇಕ್ ರಬ್ಬರುಗಳನ್ನು ಬೆಳಕಿಗೆ ಹಿಡಿದು ನೋಡುತ್ತೇನೆ. ಕಪ್ಪು ರಬ್ಬರಿನ ಮೈಯಲ್ಲಿ ಮಿಣಮಿಣ ಹೊಳೆಯುವ ಚೂರುಗಳಿರುತ್ತವೆ, ರಿಮ್ಮಿನಿಂದಲೇ ಕಿತ್ತು ಬಂದ ಅಲ್ಯೂಮಿನಿಯಂ ಅದು. ಬಿಟ್ಟರೆ ಮುಂದಿನ ಸಲ ಬ್ರೇಕ್ ಹಿಡಿದಾಗ ರಿಮ್ಮನ್ನು ಅರದಂತೆ ಉಜ್ಜುತ್ತದೆ. ಸೇಫ್ಟಿ ಪಿನ್ನಿನಿಂದ ಒಂದೊಂದನ್ನೇ ಕೀಳುತ್ತೇನೆ. ರಿಮ್ಮಿನ ಸುತ್ತ ಕೊರೆದಿರುವ ಗೆರೆಯೂ ಕಾಣುತ್ತಿದೆಯೇ ಎಂದು ನೋಡುತ್ತೇನೆ. ಆ ಗೆರೆ ಅಳಿಸಿಹೋದ ದಿನ ಆ ಚಕ್ರದ ಆಯಸ್ಸು ಮುಗಿದಂತೆ.

ಅಗ್ಗದ ಸೈಕಲ್ ಇದೆ ಎಂದು ಎಲ್ಲ ದಿನವೂ ಹೊರಡಲಾಗದು. ಬೆಳಿಗ್ಗೆ 3 ಡಿಗ್ರಿಗಿಂತ ಕಡಿಮೆ ಇದ್ದರೆ ನಾನು ಹೊರಡುವುದಿಲ್ಲ. ಮರದ ನೆರಳಿನ ತಿರುವಿನಲ್ಲಿ, ಉಪ್ಪು ಬೀಳದ ಹಳ್ಳಿದಾರಿಯಲ್ಲಿ, ಡಾಂಬರಿನ ಬಣ್ಣವನ್ನೇ ಹೊತ್ತು ಕಾಣದಂತೆ ಕೂತಿರುವ ಮಂಜುಗಡ್ಡೆಯ ಮುಂದೆ ಇಂಥ ಟಯರಿನ ಆಟ ನಡೆಯದು. ಹತ್ತಿರದ ಹ್ಯಾದರ್‌ಸೇಜ್ ಹಳ್ಳಿಗೆ ಇಳಿಯುವಾಗ ಒಮ್ಮೆ ಬಿದ್ದು ಮೊಣಕೈ ಒಡೆದುಕೊಂಡೆ. ಅಂಥ ದಿನ ಮನೆಯೊಳಗೆ ಟ್ರೇನರ್ ಮೇಲೆ, ಅಂದರೆ ಸೈಕಲ್ಲನ್ನು ನಿಂತಲ್ಲೇ ತುಳಿಯಲು ಬಿಡುವ ಸ್ಟ್ಯಾಂಡಿನ ಮೇಲೆ, ಒಂದು ಗಂಟೆ ತುಳಿದರೆ ಸಾಕು.

ಇನ್ನು ಯಾವುದನ್ನು ಕೊಳ್ಳಬೇಕು ಎಂದು ಕೇಳುವವರಿಗೆ: ಕೈಯಲ್ಲಿ 400 ಪೌಂಡ್ ಇದ್ದರೆ 280ರ ಸೈಕಲ್ ನೋಡಿ, ಉಳಿದದ್ದನ್ನು ಟಯರು, ಮಡ್‌ಗಾರ್ಡ್, ದೀಪಗಳಿಗೆ ಇಡಿ. ಬಣ್ಣ, ಹೆಸರು ನೋಡುವ ಮೊದಲು ಮೊಣಕಾಲೂರಿ ಹಿಂದಿನ ಚಕ್ರದ ಅಚ್ಚಿನ ಪಕ್ಕ ಫ್ರೇಮನ್ನು ನೋಡಿ. ಮಡ್‌ಗಾರ್ಡಿನ ಕಡ್ಡಿ ಬಿಗಿಯಲು ಎರಡೂ ಬದಿಯಲ್ಲಿ ಸ್ಕ್ರೂ ತೂತು ಇರಬೇಕು. ಆಮೇಲೆ ಟಯರಿಗೂ ಬ್ರೇಕಿಗೂ ನಡುವೆ ಕಿರುಬೆರಳು ತೂರಿಸಿ. ಬೆರಳು ಸಿಕ್ಕಿಕೊಂಡರೆ ಆ ಸೈಕಲ್ ಬೇಸಿಗೆಯದು. ಮಾರುವವರಿಗೆ ನಮಸ್ಕಾರ ಹೇಳಿ ಮುಂದಿನದನ್ನು ನೋಡಿ.