ದೇವರಾಯನದುರ್ಗದ ದಾರಿಯಲ್ಲಿ ಜೀರ್ಜಿಂಬೆಗಳ ಬೆನ್ನುಹತ್ತಿ

ತುಮಕೂರಿನಿಂದ ದೇವರಾಯನದುರ್ಗಕ್ಕೆ ಹೊರಟವರು ಸಾಮಾನ್ಯವಾಗಿ ನರಸಿಂಹಸ್ವಾಮಿಯ ದರ್ಶನ ಮುಗಿಸಿ, ನಾಮದ ಚಿಲುಮೆಯನ್ನೂ ನೋಡಿಕೊಂಡು ಹಿಂದಿರುಗುತ್ತಾರೆ. ಉತ್ತರೆ ಮಳೆ ಬಿಡುವು ಕೊಟ್ಟಿದ್ದ ಒಂದು ಬೆಳಿಗ್ಗೆ ನಾವು ಹೊರಟದ್ದು ಲೋಹದಂತೆ ಹೊಳೆಯುವ ದುಂಬಿಗಳಾದ ಜೀರ್ಜಿಂಬೆಗಳನ್ನು ಹುಡುಕಿಕೊಂಡಾದ್ದರಿಂದ, ಬೆಟ್ಟದ ತಿರುವುಗಳು ಶುರುವಾಗುವ ಮೊದಲೇ ರಸ್ತೆಬದಿಯ ಜಾಲಿಮರಗಳ ಬಳಿ ಗಾಡಿ ನಿಲ್ಲಿಸಿದೆವು.

ಅಲ್ಲಿ ಮೇಕೆ ಕಾಯುತ್ತಿದ್ದ ಹಿರಿಯರೊಬ್ಬರು ವಿಷಯ ಕೇಳಿ ನಕ್ಕು, “ಚಿಕ್ಕೋರಿದ್ದಾಗ ಬೆಂಕಿಪೊಟ್ಟಣದಾಗೆ ಜಾಲಿಸೊಪ್ಪು ಹಾಕಿ ಸಾಕ್ತಿದ್ವಿ ಸ್ವಾಮಿ, ಆ ಮರದಾಗೆ ಐತೆ ನೋಡಿ” ಎಂದು ಕೋಲಿನಲ್ಲೇ ತೋರಿಸಿದರು. ಮರದಲ್ಲಿದ್ದದ್ದು ಎರಡು ಪ್ರಭೇದ. ಎದೆಯ ಮೇಲ್ಭಾಗ ಮಾತ್ರ ಹಸಿರಾಗಿ ಹೊಳೆಯುತ್ತ, ಹೊರರೆಕ್ಕೆಗಳು ಕೆಂಗಂದು ಬಣ್ಣಕ್ಕಿದ್ದದ್ದು 1775ರಲ್ಲಿ ಕೀಟತಜ್ಞ ಫ್ಯಾಬ್ರಿಷಿಯಸ್ ಹೆಸರಿಸಿದ ಸ್ಟರ್ನೊಸೆರಾ ಕ್ರೈಸಿಸ್. ಮೈಯೆಲ್ಲ ಹಸಿರಾಗಿದ್ದು, ಹೊರರೆಕ್ಕೆಯ ಗುಳಿಗಳಲ್ಲಿ ಬಿಳಿಚು ರೋಮ ತುಂಬಿಕೊಂಡಿದ್ದದ್ದು 1758ರಲ್ಲಿ ಜೀವವಿಜ್ಞಾನಿ ಲಿನೇಯಸ್ ವಿವರಿಸಿದ ಸ್ಟರ್ನೊಸೆರಾ ಸ್ಟರ್ನಿಕಾರ್ನಿಸ್. ಇವುಗಳ ಲೋಹದ ಹೊಳಪು ವರ್ಣದ್ರವ್ಯದಿಂದ ಬಂದದ್ದಲ್ಲ. ಕವಚದ ತೆಳುಪದರಗಳು ಬೆಳಕನ್ನು ಪ್ರತಿಫಲಿಸುವುದರಿಂದ ಮೂಡುವಂಥದ್ದು. ಆದ್ದರಿಂದಲೇ ಸತ್ತ ಹುಳುವಿನ ರೆಕ್ಕೆಯೂ ಬಣ್ಣಗೆಡದೆ ಹಿಂದೆ ಕಸೂತಿಗೆ ಬಳಕೆಯಾಗುತ್ತಿತ್ತು. ನೋಡುವ ಕೋನ ಬದಲಾದರೆ ಹಸಿರು ನೀಲಿಗೆ ತಿರುಗುವುದೂ ಅದರಿಂದಲೇ. ಹೊಳಪನ್ನಷ್ಟೇ ನಂಬಿ ಹೆಸರಿಡುವುದು ಸಲ್ಲದು. ಗುಳಿ, ರೋಮ, ಎದೆಯ ಅಡಿಯಲ್ಲಿ ಮುಂದಕ್ಕೆ ಚಾಚಿದ ಕೊಂಬು, ಇವೇ ಸಾಕ್ಷಿ.

ನಿಜವಾದ ತೊಡಕು ಎದುರಾದದ್ದು ಪಕ್ಕದ ಎಲಚಿ ಗಿಡದಲ್ಲಿ. ಎಲೆಯ ಮೇಲೆ ಒಂದು ಸೆಂಟಿಮೀಟರಿಗಿಂತ ಚಿಕ್ಕದಾದ, ತಾಮ್ರದ ಛಾಯೆಯ, ನೀಳ ದೇಹದ ಕೀಟವೊಂದು ಗರಗಸದ ಹಲ್ಲಿನಂಥ ಕುಡಿಮೀಸೆಗಳನ್ನು ಮೆಲ್ಲಗೆ ಅಲುಗಿಸುತ್ತ ಕುಳಿತಿತ್ತು. ಇದೂ ಜೀರ್ಜಿಂಬೆಗಳ ಬ್ಯುಪ್ರೆಸ್ಟಿಡೇ ಕುಟುಂಬದ್ದೇ, ಕುಲ (ಜೀನಸ್) ಅಗ್ರಿಲಸ್. ಆದರೆ ಮೂರು ಸಾವಿರಕ್ಕೂ ಹೆಚ್ಚು ಪ್ರಭೇದಗಳಿರುವ ಈ ಕುಲದಲ್ಲಿ ಛಾಯಾಚಿತ್ರ ನೋಡಿ ಪ್ರಭೇದ ಹೇಳುವವರ ಧೈರ್ಯವನ್ನು ನಾನು ಮೆಚ್ಚಲಾರೆ. ಬಹಳಷ್ಟು ಸಂದರ್ಭಗಳಲ್ಲಿ ಗಂಡು ಕೀಟದ ಜನನಾಂಗವನ್ನು ಬಿಡಿಸಿ, ಸೂಕ್ಷ್ಮದರ್ಶಕದಡಿ ನೋಡಿ, ಸಂಗ್ರಹಾಲಯದ ಮಾದರಿಗಳೊಡನೆ ಹೋಲಿಸಿದ ಮೇಲೆಯೇ ಗುರುತು ಖಚಿತವಾಗುತ್ತದೆ. ಅನುಮತಿಯಿಲ್ಲದೆ ಕೀಟ ಹಿಡಿಯುವ ಹಾಗಿರಲಿಲ್ಲವಾದ್ದರಿಂದ, “ಅಗ್ರಿಲಸ್, ಪ್ರಭೇದ ಅನಿಶ್ಚಿತ” ಎಂದು ಬರೆದುಕೊಂಡೆವು.

ಗಿಡದ ಹೆಸರನ್ನೂ ಜೊತೆಗೇ ದಾಖಲಿಸಿದೆವು. ಸ್ಟರ್ನೊಸೆರಾದ ಮರಿಹುಳುಗಳು ಮಣ್ಣಿನಲ್ಲಿದ್ದು ಬೇರು ತಿಂದು ಬೆಳೆದರೆ, ಅಗ್ರಿಲಸ್‌ನ ಮರಿಗಳು ಸಾಮಾನ್ಯವಾಗಿ ತೊಗಟೆಯಡಿ ಕೊರೆಯುತ್ತವೆ. ಯಾವ ಗಿಡದ್ದೆಂಬುದು ಗುರುತಿಸುವವರಿಗೆ ದೊಡ್ಡ ಸುಳಿವು. ಒಣಗುತ್ತಿದ್ದ ಒಂದು ರೆಂಬೆಯಲ್ಲಿ ಪ್ರೌಢ ಕೀಟ ಹೊರಬಿದ್ದ ಅರ್ಧಚಂದ್ರಾಕಾರದ ರಂಧ್ರವೂ ಸಿಕ್ಕಿತು. ಅಳತೆಪಟ್ಟಿ ಇಟ್ಟು ಅದರ ಚಿತ್ರವನ್ನೂ ತೆಗೆದ ಮೇಲೆ ಬೆಟ್ಟದ ಕಡೆಗೆ ಹೊರಟೆವು.