ಮಂಜಲ್ಲ, ಅದು ಹೊಗೆ

ಕಳೆದ ಆಷಾಢದಲ್ಲಿ ತೀರ್ಥಹಳ್ಳಿ ಕಡೆ ದೊಡ್ಡಪ್ಪನ ಮನೆಗೆ ಹೋಗಿದ್ದೆ. ಮೂರು ದಿನದಿಂದ ಕರೆಂಟಿರಲಿಲ್ಲ. ಒಂದು ಗಂಟೆ ಹೊಳವಾದರೆ ಅಡಿಕೆಗೆ ಕೊಳೆರೋಗದ ಔಷಧಿ ಹೊಡೆಸಿಬಿಡೋಣ ಅಂತ ದೊಡ್ಡಪ್ಪ ಮೈಲುತುತ್ತ ನೆನೆಸಿಟ್ಟುಕೊಂಡು ಕಾದಿದ್ದೇ ಬಂತು, ಮಳೆ ಬಿಡಲಿಲ್ಲ. ರಾತ್ರಿ ಊಟ ಆದ ಮೇಲೆ ಎಲ್ಲರೂ ಸುಮ್ನೆ ಗೋಡೆ ನೋಡುತ್ತ ಕೂತಿದ್ದಾಗ ನಾನು ಲ್ಯಾಪ್‌ಟಾಪ್ ತೆಗೆದೆ. ಬ್ಯಾಟರಿ ಎರಡು ಗಂಟೆ ಬರುತ್ತಿತ್ತು. ಅಷ್ಟರೊಳಗೆ ಮುಗಿಯುವ ಸಿನಿಮಾ ನನ್ನ ಹತ್ತಿರ ಇದ್ದಿದ್ದು ಒಂದೇ, 1939ರ ‘ದಿ ಹೌಂಡ್ ಆಫ್ ದಿ ಬಾಸ್ಕರ್‌ವಿಲ್ಸ್’. ಕಪ್ಪು ಬಿಳುಪು, ಎಂಬತ್ತು ನಿಮಿಷ. ಪತ್ತೇದಾರ ಷರ್ಲಾಕ್ ಹೋಮ್ಸ್ ಆಗಿ ಬೇಸಿಲ್ ರಾತ್‌ಬೋನ್ ಮೊದಲ ಸಲ ಬಂದಿದ್ದು ಇದರಲ್ಲೇ.

ಸಬ್‌ಟೈಟಲ್ ಇಂಗ್ಲಿಷಿನಲ್ಲಿ. ಹಾಗಾಗಿ ಪ್ರತಿ ಮಾತಿಗೂ ಕನ್ನಡದಲ್ಲಿ ಹೇಳುವ ಕೆಲಸ ನನ್ನ ತಲೆಗೆ ಬಿತ್ತು. ತಾಳಮದ್ದಲೆ ಅರ್ಥಧಾರಿ ಥರ ಒಂದು ಮಾತಿಗೆ ನಾಲ್ಕು ಸೇರಿಸಿ ಹೇಳಿದ್ದೂ ಉಂಟು, ಸುಳ್ಳು ಯಾಕೆ ಹೇಳಲಿ.

ಶುರುವಿನಲ್ಲೇ ಒಬ್ಬ ಮುದುಕ ಮಂಜಿನಲ್ಲಿ ಓಡಿಬಂದು ಬಿದ್ದು ಸಾಯುತ್ತಾನೆ, ದೂರದಲ್ಲಿ ನಾಯಿ ಊಳಿಡುತ್ತದೆ. ಬಾಸ್ಕರ್‌ವಿಲ್ ಮನೆತನದ ಬೆನ್ನು ಹತ್ತಿದ ದೆವ್ವದ ನಾಯಿ ಅದು ಅಂತ ಕಥೆಯಲ್ಲಿ ಜನರ ನಂಬಿಕೆ. ನಮ್ಮ ಜಗಲಿಯಲ್ಲೂ ಒಂದು ಕ್ಷಣ ಯಾರೂ ಮಾತಾಡಲಿಲ್ಲ. ಆಮೇಲೆ ದೊಡ್ಡಪ್ಪ ಹಲಸಿನ ಹಪ್ಪಳ ಮುರಿಯುತ್ತ ಹೇಳಿದರು, "ಇದು ಮಂಜಲ್ಲ ಮಾರಾಯ, ಹೊಗೆ."

ನಾನು ವಾದಕ್ಕಿಳಿದೆ. ಅದು ಇಂಗ್ಲೆಂಡಿನ ಡಾರ್ಟ್‌ಮೂರ್, ಅಲ್ಲಿನ ಮಂಜು ಬೇರೆ ಇರಬಹುದು ಅಂದೆ. ಅವರು ಒಪ್ಪಲಿಲ್ಲ. ಮಂಜು ಬಂದರೆ ಮರದ ತುದಿ ಮೊದಲು ಮಾಯ ಆಗಬೇಕು, ಮನುಷ್ಯನ ತಲೆ ಕೂದಲು ಒದ್ದೆ ಆಗಬೇಕು, ಇವನ ಕೋಟು ನೋಡು ಹೇಗೆ ಒಣಗಿದೆ, ಇದು ಅಡಿಕೆ ಬೇಯಿಸುವಾಗ ಹಂಡೆ ಒಲೆಯಿಂದ ಬಂದು ಅಂಗಳದಲ್ಲಿ ಮಲಗುತ್ತಲ್ಲ, ಆ ಜಾತಿಯದ್ದು ಅಂದರು. ನನಗೆ ಗೊತ್ತಿತ್ತು ಅವರು ಹೇಳಿದ್ದು ಸರಿ ಅಂತ. ಆ ಬಯಲು, ಬಂಡೆ, ಜೌಗು ಎಲ್ಲ ಹಾಲಿವುಡ್‌ನ ಸ್ಟುಡಿಯೋ ಒಳಗೆ ಕಟ್ಟಿದ್ದು. ಮಂಜು ಬಿಟ್ಟಿದ್ದೂ ಅಲ್ಲೇ. ಇಂಟರ್ನೆಟ್ಟಿನಲ್ಲಿ ಆ ಸೆಟ್ಟನ್ನು ಹೊಗಳಿದ ಬರಹ ಎಷ್ಟೋ ಓದಿದ್ದೇನೆ. ಆ ಕೋಟು ಒಣಗಿದೆ ಅಂದವರು ಇವರೊಬ್ಬರೇ.

ಆದರೂ ನನ್ನ ಅಭಿಪ್ರಾಯ ಹೇಳುತ್ತೇನೆ. ಆ ಸುಳ್ಳು ಮಂಜು ಕೆಲಸ ಮಾಡುತ್ತದೆ. 1959ರಲ್ಲಿ ಪೀಟರ್ ಕುಶಿಂಗ್ ಹೋಮ್ಸ್ ಆಗಿ ಇದೇ ಕಥೆ ಬಣ್ಣದಲ್ಲಿ ಬಂತು, ಅದನ್ನೂ ನೋಡಿದ್ದೇನೆ. ಅದರಲ್ಲಿ ರಕ್ತ ಕೆಂಪಗಿದೆ, ಹೆದರಿಕೆ ಮಾತ್ರ ಕಮ್ಮಿ.

ಇನ್ನು ಅತ್ತೆಯ ತಕರಾರು. ಸಿನಿಮಾದ ನಡುವೆ ಹೋಮ್ಸ್ ಕಾಣಿಸುವುದೇ ಇಲ್ಲ. ನನಗೆ ಲಂಡನ್ನಿನಲ್ಲಿ ಬೇರೆ ಕೆಲಸ ಇದೆ, ನೀನು ಹೋಗು ಅಂತ ಜೊತೆಗಾರ ವಾಟ್ಸನ್‌ನನ್ನು ಡಾರ್ಟ್‌ಮೂರ್‌ಗೆ ಕಳಿಸಿಬಿಡುತ್ತಾನೆ. "ಪತ್ತೇದಾರ ಎಲ್ಲಿ ಹೋದ? ಫೀಸು ತಗೊಂಡು ಪರಾರಿಯಾ?" ಅಂತ ಅತ್ತೆ ಎರಡು ಸಲ ಕೇಳಿದರು. ಪೋಸ್ಟರಿನಲ್ಲೂ ಮೊದಲ ಹೆಸರು ಹೋಮ್ಸ್‌ನದ್ದಲ್ಲ, ಎಸ್ಟೇಟಿನ ವಾರಸುದಾರ ಸರ್ ಹೆನ್ರಿ ಆಗಿರುವ ರಿಚರ್ಡ್ ಗ್ರೀನ್‌ದು, ಅಂದರೆ ಕಂಪನಿಯವರಿಗೇ ಈ ಪತ್ತೇದಾರನ ಮೇಲೆ ಅಷ್ಟು ನಂಬಿಕೆ ಇರಲಿಲ್ಲ ಅಂತ ಕಾಣುತ್ತದೆ. ಮುಂದೆ ರಾತ್‌ಬೋನ್ 1946ರವರೆಗೆ ಒಟ್ಟು 14 ಹೋಮ್ಸ್ ಸಿನಿಮಾ ಮಾಡಿದ ಅನ್ನುವುದು ಆಮೇಲಿನ ಮಾತು. ಸ್ವಲ್ಪ ಹೊತ್ತಿಗೆ ಗಡ್ಡದ ಮುದುಕನೊಬ್ಬ ಸಾಮಾನು ಮಾರಿಕೊಂಡು ಬಂದ. ಅತ್ತೆ ತಕ್ಷಣ, "ಇವನೇ ಅವನು. ಗಡ್ಡ ಕಟ್ಟಿದರೆ ಆ ಮೂಗು ಎಲ್ಲಿಗೆ ಹೋಗುತ್ತೆ?" ಅಂದರು. ವಾಟ್ಸನ್‌ಗೆ ಗೊತ್ತಾಗಲು ಇನ್ನೂ ಸುಮಾರು ಹೊತ್ತು ಬೇಕಾಯಿತು.

ವಾಟ್ಸನ್ ವಿಷಯಕ್ಕೆ ಬಂದರೆ ನನಗೆ ಸಿಟ್ಟು ಬರುತ್ತದೆ. ಮೂಲ ಕಾದಂಬರಿಕಾರ ಕೋನನ್ ಡಾಯ್ಲ್ ಬರೆದ ವಾಟ್ಸನ್ ಯುದ್ಧ ನೋಡಿ ಬಂದ ಡಾಕ್ಟರು, ಮರ್ಯಾದಸ್ಥ. ಇಲ್ಲಿ ವಾಟ್ಸನ್ ಆಗಿರುವ ನೈಜೆಲ್ ಬ್ರೂಸ್ ಅವನನ್ನು ಗೊಣಗುವ ಪೆದ್ದ ಮಾಮನನ್ನಾಗಿ ಮಾಡಿದ. ಈ ಸಿನಿಮಾದಲ್ಲಿ ಇನ್ನೂ ಪರವಾಗಿಲ್ಲ, ಮುಂದಿನವುಗಳಲ್ಲಿ ಜಾಸ್ತಿ. ಬೆಂಗಳೂರಿಂದ ಬಂದಿದ್ದ ತಮ್ಮ, ಜೆರೆಮಿ ಬ್ರೆಟ್ ಹೋಮ್ಸ್ ಆಗಿದ್ದ ಟೀವಿ ಸರಣಿಯಲ್ಲಿ ವಾಟ್ಸನ್ ಹೇಗಿದ್ದಾನೆ ನೋಡು ಅಂತ ಶುರುಮಾಡಿದ. ಅಜ್ಜಿ, "ಮಾತಾಡೋದಾದ್ರೆ ಆಚೆ ಹೋಗಿ ಮಾತಾಡಿ" ಅಂದರು.

ಅಜ್ಜಿಗೆ ಇಷ್ಟವಾಗಿದ್ದೇ ವಾಟ್ಸನ್. ಯಾಕೆ ಅಂದರೆ ಅವನೊಬ್ಬನೇ ಹೊಟ್ಟೆ ತುಂಬಾ ಊಟ ಮಾಡುವವನ ಥರ ಕಾಣುತ್ತಾನಂತೆ.

ಈಗ ಬೂಟಿನ ವಿಷಯ. ಕಥೆಯಲ್ಲಿ ಸರ್ ಹೆನ್ರಿ ಲಂಡನ್ನಿನ ಹೋಟೆಲಿನಲ್ಲಿ ಇರುವಾಗ ಅವನ ಹೊಸ ಬೂಟು ಒಂದು ಕಳುವಾಗುತ್ತದೆ. ಜೋಡಿಯಲ್ಲ, ಒಂದೇ. ಆಮೇಲೆ ಅದು ವಾಪಸ್ ಸಿಗುತ್ತದೆ, ಈ ಸಲ ಹಳೇ ಬೂಟು ಒಂದು ಮಾಯ. ಯಾರಿಗೆ ಬೇಕು ಒಂಟಿ ಬೂಟು? ನಾನು ಮೊದಲ ಸಲ ಕಾದಂಬರಿ ಓದಿದಾಗ, ಹೈಸ್ಕೂಲಿನಲ್ಲಿರಬೇಕು, ಕೊನೆಯವರೆಗೂ ನನಗೆ ಹೊಳೆದಿರಲಿಲ್ಲ. ಇಲ್ಲಿ ನಾನು ಆ ಮಾತನ್ನು ಕನ್ನಡದಲ್ಲಿ ಹೇಳಿ ಮುಗಿಸುವಷ್ಟರಲ್ಲಿ ದೊಡ್ಡಪ್ಪ, "ನಾಯಿಗೆ ಮೂಸಿಸೋಕೆ" ಅಂದರು. ಹೊಸ ಬೂಟಿಗೆ ಬರೀ ಚರ್ಮದ ವಾಸನೆ, ಅಂಗಡಿಯ ವಾಸನೆ, ಅದಕ್ಕೇ ವಾಪಸ್ ಇಟ್ಟ, ಕಾಲು ಬೆವರು ಕುಡಿದಿರೋದು ಹಳೇದು ಅಲ್ವಾ ಅಂತ ವಿವರಿಸಿದರು. 1972ರ ವನ್ಯಜೀವಿ ಕಾಯ್ದೆ ಬರುವ ಮುಂಚೆ ಅವರಪ್ಪ, ಅಂದರೆ ನನ್ನಜ್ಜ, ಶಿಕಾರಿಗೆ ನಾಯಿ ಸಾಕಿದ್ದರು. ಹೋಮ್ಸ್ ಕೊನೆಗೆ ಬಿಡಿಸುವ ಗಂಟನ್ನು ಇವರು ಹಪ್ಪಳ ತಿನ್ನುತ್ತ ಅರ್ಧ ದಾರಿಯಲ್ಲೇ ಬಿಡಿಸಿಟ್ಟರು. ಅಲ್ಲಿಗೆ ಸಿನಿಮಾದ ಮುಖ್ಯ ಗುಟ್ಟು ಮುಗಿಯಿತು. ದೆವ್ವದ ನಾಯಿಯಾದರೆ ಅದಕ್ಕೆ ಬೂಟು ಎಂತಕ್ಕೆ ಬೇಕು?

ಇದೇ ನನಗೆ ಅವತ್ತು ಖುಷಿ ಕೊಟ್ಟಿದ್ದು. ಈ ಸಿನಿಮಾ ಬಗ್ಗೆ ಬರೆಯುವವರು ಬರೀ ರಾತ್‌ಬೋನ್ ಮೂಗು, ಟೋಪಿ, ಪೈಪು ಅಂತ ಬರೆಯುತ್ತಾರೆ. ನಾಯಿ, ಕೆಸರು, ಮಂಜು ಇವುಗಳ ಜೊತೆ ಬದುಕಿದವರು ನೋಡಿದರೆ ಹೋಮ್ಸ್ ಬರೀ ಊರಿನ ಒಬ್ಬ ಬುದ್ಧಿವಂತ, ಅಷ್ಟೇ.

ಜೌಗಿನ ಬಗ್ಗೆಯೂ ಹಾಗೇ. ಕಾಲಿಟ್ಟರೆ ಎಳೆದುಕೊಳ್ಳುವ ಆ ಗ್ರಿಂಪೆನ್ ಜೌಗು ತೆರೆ ಮೇಲೆ ಬಂದಾಗ ದೊಡ್ಡಪ್ಪ, "ನಮ್ಮ ಕೆಳಗಿನ ಹುದುಲು" ಅಂದರು. ಅಲ್ಲಿ ಒಮ್ಮೆ ಎಮ್ಮೆಕರು ಹೊಟ್ಟೆಮಟ್ಟ ಹೂತುಹೋಗಿ, ಅಡಿಕೆ ದಬ್ಬೆ ಹಾಸಿಕೊಂಡು ಅದರ ಮೇಲೆ ಮಲಗಿ ಎಳೆದಿದ್ದರಂತೆ. ಕಳ್ಳನೂ ಒಳಗೆ ಓಡಾಡಲು ದಬ್ಬೆಯನ್ನೋ ಗೂಟವನ್ನೋ ಹಾಕಿಟ್ಟಿರಬೇಕು ಅನ್ನುವುದು ಅವರ ಅಂದಾಜು. ಕಾದಂಬರಿಯಲ್ಲಿ ನಿಜಕ್ಕೂ ದಾರಿ ಗೊತ್ತಾಗಲು ಕೋಲು ನೆಟ್ಟಿರುತ್ತಾನೆ. ನಾನು ಹೇಳಲಿಲ್ಲ, ಆಗಲೇ ಅವರ ಮುಖದಲ್ಲಿ ಗೆದ್ದ ಕಳೆ ಜಾಸ್ತಿಯೇ ಇತ್ತು.

ನನಗೆ ಬೇಜಾರಾಗಿದ್ದು ನಾಯಿ. ಕಾದಂಬರಿಯಲ್ಲಿ ಅದರ ಬಾಯಿಗೆ ರಂಜಕ ಸವರಿ, ಕತ್ತಲಲ್ಲಿ ಬೆಂಕಿ ಕಾರುವ ಹಾಗೆ ಮಾಡಿರುತ್ತಾರೆ. ಸಿನಿಮಾದಲ್ಲಿ ಅದು ಹೊಳೆಯುವುದಿಲ್ಲ, ಬರೀ ದೊಡ್ಡ ನಾಯಿ. ಮೈ ಹೊಳೆಯುವ ನಾಯಿ ಅಂದಾಗ ಅಜ್ಜಿ ನಕ್ಕರು. ಮಳೆಗಾಲದ ಕಾಡಿನಲ್ಲಿ ಕೊಳೆತ ಮರದ ಬುಡ ರಾತ್ರಿ ತಣ್ಣಗೆ ಹಸಿರಾಗಿ ಹೊಳೆಯುವುದನ್ನು ಅವರು ಸಣ್ಣವರಿದ್ದಾಗಲೇ ನೋಡಿದ್ದಾರೆ. ಅದೊಂದು ಜಾತಿಯ ಅಣಬೆಯ ಬೆಳಕು. ಅದನ್ನು ನೋಡಿ ದೆವ್ವ ಅಂತ ಓಡಿದವರನ್ನೂ ನೋಡಿದ್ದಾರೆ. ನಾಯಿ ಕೊನೆಗೆ ಮೇಲೆ ಬಿದ್ದು ಕಚ್ಚುವಾಗ ಮಾತ್ರ ಅವರು ನಗಲಿಲ್ಲ. "ಉಪವಾಸ ಕೆಡವಿದ್ದಾರೆ ಪಾಪ, ಅದೆಂತ ಮಾಡುತ್ತೆ" ಅಂದರು. ಕೊಲೆಗಾರ ಯಾರು ಅಂತ ನಾನಿಲ್ಲಿ ಹೇಳುವುದಿಲ್ಲ, ಆದರೆ ನಮ್ಮನೆಯ ತೀರ್ಪಿನಲ್ಲಿ ಅವನ ದೊಡ್ಡ ಅಪರಾಧ ಮನುಷ್ಯರನ್ನು ಕೊಂದಿದ್ದಲ್ಲ, ನಾಯಿಗೆ ಅನ್ನ ಹಾಕದೆ ಇದ್ದಿದ್ದು.

ಬ್ಯಾಟರಿ ಕೆಂಪಾಗಿತ್ತು. ಎಲ್ಲ ಮುಗಿದು ಹೋಮ್ಸ್ ಮಲಗಲು ಹೊರಟವನು ತಿರುಗಿ, ವಾಟ್ಸನ್, ಸೂಜಿ ಅನ್ನುತ್ತಾನೆ. 1939ರ ಸೆನ್ಸಾರಿನಲ್ಲಿ ಈ ಮಾತು ಹೇಗೆ ಉಳಿಯಿತೋ, ಯಾಕೆ ಅಂದರೆ ಅದು ಕೊಕೇನ್ ಚುಚ್ಚಿಕೊಳ್ಳುವ ಸೂಜಿ. ಅರ್ಥಧಾರಿಯ ಬಾಯಿ ಕಟ್ಟಿತು. ಅಜ್ಜಿಯ ಎದುರು ಏನು ಹೇಳಲಿ ಅಂತ ತಮ್ಮನ ಮುಖ ನೋಡಿದೆ, ಅವನು ಗೋಡೆ ನೋಡಿದ.

"ಎಂತಂತೆ?" ಅಂದರು ಅಜ್ಜಿ.

"ಸೂಜಿ ಬೇಕಂತೆ ಅಜ್ಜಿ."

ದಿನಾ ಎರಡು ಹೊತ್ತು ಇನ್ಸುಲಿನ್ ತಗೊಳ್ಳುವ ಅಜ್ಜಿ ತಮ್ಮ ತೋಳು ಸವರಿಕೊಂಡು, "ಅಯ್ಯೋ, ಇವನಿಗೂ ಸಕ್ಕರೆ ಕಾಯಿಲೆಯಾ? ಅದಕ್ಕೇ ಅಷ್ಟು ಸೊರಗಿದ್ದಾನೆ" ಅಂದರು.