ಯುದ್ಧದ ಸಿನಿಮಾ ನೋಡಿ ಜಗಳವಾಡಿದ ಭಾನುವಾರ

ಯುದ್ಧದ ಸಿನಿಮಾ ಬಗ್ಗೆ ಮಾತು ಶುರುವಾದರೆ ಹತ್ತೇ ನಿಮಿಷದಲ್ಲಿ ಸಿನಿಮಾ ಮೂಲೆಗೆ ಸರಿದು, ಯಾರು ದೇಶಭಕ್ತರು ಯಾರು ಅಲ್ಲ ಎನ್ನುವಲ್ಲಿಗೆ ಬಂದು ನಿಲ್ಲುತ್ತದೆ. ಅದಕ್ಕೇ ಆ ಭಾನುವಾರ ಮೊದಲೇ ಷರತ್ತು ಹಾಕಿಕೊಂಡಿದ್ದೆವು. ಪೂರ್ತಿ ಸಿನಿಮಾ ಬೇಡ, ಒಂದೊಂದರಿಂದ ಇಪ್ಪತ್ತು ಇಪ್ಪತ್ತೈದು ನಿಮಿಷದ ತುಣುಕು. ಮೊದಲ ಸಲ ಶಬ್ದದ ಜೊತೆ, ಎರಡನೇ ಸಲ ಮ್ಯೂಟ್ ಮಾಡಿ. ಮಾತಾಡುವವರು ತೆರೆಯ ಮೇಲೆ ಕಂಡ ಒಂದಾದರೂ ಶಾಟ್ ಹೇಳಬೇಕು, ಅಭಿಪ್ರಾಯ ಆಮೇಲೆ. ಬೆಂಗಳೂರಿನ ಗೆಳೆಯರೊಬ್ಬರ ಮನೆಯ ಹಾಲ್, ದೊಡ್ಡ ಟಿವಿ. ಸೇರಿದವರಲ್ಲಿ ಸೌಂಡ್ ಎಡಿಟಿಂಗ್ ಕೆಲಸದ ಹುಡುಗಿಯೊಬ್ಬಳು, ಇತಿಹಾಸದ ಮೇಷ್ಟ್ರು, ಕೊಡಗಿನ ಕಡೆಯ ನಿವೃತ್ತ ಸುಬೇದಾರರು. ಉಳಿದವರು ವಾರವಿಡೀ ವಾಟ್ಸಾಪಿನಲ್ಲಿ ಕಿತ್ತಾಡಿ ಸಾಲದೆ ಮುಖಾಮುಖಿ ಕಿತ್ತಾಡಲು ಬಂದವರು.

ಮೊದಲ ಅರ್ಧ ಗಂಟೆ ಹೋದದ್ದು ಟಿವಿ ಸರಿಮಾಡುವುದಕ್ಕೆ. ಇದು ಸಣ್ಣ ವಿಷಯವಲ್ಲ. ಸಿನಿಮಾ ಓಡುವುದು ಸೆಕೆಂಡಿಗೆ 24 ಫ್ರೇಮಿನಲ್ಲಿ. ಈಗಿನ ಟಿವಿಗಳು ಆ ಫ್ರೇಮುಗಳ ನಡುವೆ ತಾವೇ ಸೃಷ್ಟಿಸಿದ ಫ್ರೇಮುಗಳನ್ನು ತುರುಕಿ ಚಲನೆಯನ್ನು ನುಣ್ಣಗೆ ಮಾಡುತ್ತವೆ. ಕ್ರಿಕೆಟ್ಟಿಗೆ ಇದು ಚೆನ್ನ, ಸಿನಿಮಾಕ್ಕೆ ವಿಷ. ಸೋನಿಯಲ್ಲಿ ಮೋಷನ್‌ಫ್ಲೋ, ಎಲ್‌ಜಿಯಲ್ಲಿ ಟ್ರೂಮೋಷನ್ ಎಂದಿರುತ್ತದೆ, ಆಫ್ ಮಾಡಬೇಕು. ಫಿಲ್ಮ್‌ಮೇಕರ್ ಮೋಡ್ ಇದ್ದರೆ ಅದೊಂದೇ ಸಾಕು. ಆಮೇಲೆ ಪಿಕ್ಚರ್ ಸೈಜ್. ಹಳೆಯ ಚೌಕಾಕಾರದ ಸಿನಿಮಾಗಳನ್ನು ಟಿವಿ ಅಡ್ಡಕ್ಕೆ ಎಳೆದು ತೋರಿಸಿದರೆ ಮುಖಗಳೆಲ್ಲ ಊದಿಕೊಳ್ಳುತ್ತವೆ. ಕೊನೆಗೆ ಶಬ್ದ. ಐದು ಸ್ಪೀಕರ್ ಮತ್ತು ಆಳದ ಸದ್ದಿಗೆ ಒಂದು ಸಬ್‌ವೂಫರ್ ಎಂದು ಲೆಕ್ಕ ಹಾಕಿ ಮಾಡಿದ 5.1 ಟ್ರ್ಯಾಕನ್ನು ಟಿವಿಯ ಎರಡು ಸ್ಪೀಕರಿಗೆ ಇಳಿಸುವಾಗ ಸಬ್‌ವೂಫರಿನ ಚಾನೆಲ್ ಸಾಮಾನ್ಯವಾಗಿ ಬಿದ್ದೇಹೋಗುತ್ತದೆ, ಫಿರಂಗಿ ಪಟಾಕಿಯಾಗುತ್ತದೆ. ನೈಟ್ ಮೋಡ್ ಆನ್ ಇದ್ದರೆ ಇನ್ನೂ ಕಷ್ಟ: ಪಿಸುಮಾತು, ಸ್ಫೋಟ ಎರಡೂ ಒಂದೇ ಮಟ್ಟಕ್ಕೆ ಬರುತ್ತವೆ. ‘ಈ ಸಿನಿಮಾದಲ್ಲಿ ಅಂಥದ್ದೇನಿದೆ’ ಎನ್ನುವವರಲ್ಲಿ ಅರ್ಧ ಜನ ಅದನ್ನು ಹೀಗೇ ನೋಡಿರುತ್ತಾರೆ ಎಂಬುದು ನನ್ನ ಗುಮಾನಿ.

ಮೊದಲು ಹಾಕಿದ್ದು ಸ್ಪೀಲ್‌ಬರ್ಗ್‌ನ ‘ಸೇವಿಂಗ್ ಪ್ರೈವೇಟ್ ರಯಾನ್’ನ (1998) ಒಮಾಹಾ ಕಡಲತೀರ. ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ಸೈನಿಕರು ಜರ್ಮನರ ಗುಂಡಿಗೆದುರಾಗಿ ಬಂದಿಳಿದ, ಫ್ರಾನ್ಸಿನ ನಾರ್ಮಂಡಿಯ ಆ ತೀರವನ್ನು ಚಿತ್ರೀಕರಿಸಿದ್ದು ಐರ್ಲೆಂಡಿನ ವೆಕ್ಸ್‌ಫರ್ಡ್ ಕರಾವಳಿಯಲ್ಲಿ. ಸುಮಾರು 24 ನಿಮಿಷದ ದೃಶ್ಯ, ಸಂಗೀತ ಒಂದು ಸ್ವರವೂ ಇಲ್ಲ. ಇದರ ಗುಟ್ಟು ಷಟರ್, ಅಂದರೆ ಫಿಲ್ಮಿಗೆ ಬೆಳಕು ಬಿಟ್ಟು ಮುಚ್ಚುವ, ತಿರುಗುವ ತಟ್ಟೆ. ಸಾಮಾನ್ಯವಾಗಿ ಕ್ಯಾಮೆರಾದ ಷಟರ್ 180 ಡಿಗ್ರಿ ತೆರೆದಿರುತ್ತದೆ, ಅಂದರೆ ಒಂದೊಂದು ಫ್ರೇಮಿಗೆ ಸೆಕೆಂಡಿನ 48ನೇ ಒಂದು ಭಾಗ ಬೆಳಕು. ಛಾಯಾಗ್ರಾಹಕ ಯಾನುಶ್ ಕಮಿನ್ಸ್ಕಿ ಅದನ್ನು 90ಕ್ಕೆ, 45ಕ್ಕೆ ಇಳಿಸಿದ. 45 ಡಿಗ್ರಿಯಲ್ಲಿ ಸಿಗುವುದು 192ನೇ ಒಂದು ಭಾಗ ಮಾತ್ರ. ಓಡುವ ಕಾಲು, ಹಾರುವ ಮರಳು ಯಾವುದೂ ಮಸುಕಾಗದೆ ಒಂದೊಂದು ಫ್ರೇಮಿನಲ್ಲೂ ಕತ್ತರಿಸಿಟ್ಟ ಹಾಗೆ ನಿಲ್ಲುತ್ತದೆ. ಓಡಿಸಿದಾಗ ಎಲ್ಲವೂ ಜರ್ಕ್ ಹೊಡೆಯುತ್ತದೆ. ಟಿವಿಯ ನುಣುಪು ತೆಗೆಯದಿದ್ದರೆ ಈ ಶ್ರಮವೆಲ್ಲ ನೀರಿನಲ್ಲಿ ಹೋಮ. ಲೆನ್ಸುಗಳ ಮೇಲಿನ ರಕ್ಷಣಾ ಲೇಪನವನ್ನೂ ತೆಗೆಸಿ ಬಣ್ಣವನ್ನು ಮಂಕು ಮಾಡಿದ್ದರು.

‘ಇದಕ್ಕಿಂತ ನಿಜ ಇನ್ನೇನು ಬೇಕು?’ ಎಂದರು ಒಬ್ಬರು. ಮ್ಯೂಟ್ ಮಾಡಿ ಮತ್ತೆ ಹಾಕಿದಾಗ ಮೇಷ್ಟ್ರು ಎದ್ದು ಟಿವಿಯ ಹತ್ತಿರ ಹೋಗಿ ನಿಂತರು. ಕ್ಯಾಮೆರಾ ಹೆಚ್ಚಿನ ಹೊತ್ತು ಅಮೆರಿಕದ ಸೈನಿಕನ ಮೊಣಕಾಲಿನ ಎತ್ತರದಲ್ಲೇ ಇದೆ, ಅವನ ಜೊತೆ ತೆವಳುತ್ತದೆ, ಲೆನ್ಸಿಗೆ ನೀರು ಸಿಡಿಯುತ್ತದೆ. ಜರ್ಮನರ ಮೆಷಿನ್‌ಗನ್ ಹಿಂದಕ್ಕೆ ಹೋದಾಗ ಕಾಣುವುದು ಕಪ್ಪು ಆಕೃತಿಗಳ ಬೆನ್ನು. ತೀರ ಗೆದ್ದ ಮೇಲೆ ಜರ್ಮನ್ ಸಮವಸ್ತ್ರದ ಇಬ್ಬರು ಕೈಯೆತ್ತಿ ಶರಣಾಗಲು ಬರುತ್ತಾರೆ, ಏನೋ ಗೋಗರೆಯುತ್ತಾರೆ. ಅಮೆರಿಕನ್ನರು ಗುಂಡು ಹೊಡೆದು ನಗುತ್ತಾರೆ. ಆ ಇಬ್ಬರು ಆಡಿದ್ದು ಜರ್ಮನ್ ಅಲ್ಲ, ಝೆಕ್. ತಾವು ಝೆಕ್ ಜನ, ಯಾರನ್ನೂ ಕೊಂದಿಲ್ಲ, ಹೊಡೆಯಬೇಡಿ ಎಂದು ಬೇಡಿಕೊಳ್ಳುತ್ತಿದ್ದಾರೆ. ನಿರ್ದೇಶಕ ಸಬ್‌ಟೈಟಲ್ ಕೊಟ್ಟಿಲ್ಲ. ಗುಂಡು ಹೊಡೆದವನಿಗೆ ಎಷ್ಟು ಅರ್ಥವಾಯಿತೋ ನಮಗೂ ಅಷ್ಟೇ. ‘ಇದೇ ಸಿನಿಮಾ ಧ್ವಜ ತೋರಿಸಿ ಶುರುವಾಗಿ ಧ್ವಜ ತೋರಿಸಿ ಮುಗಿಯುತ್ತೆ ಅಂತ ಬೈತೀರಲ್ಲ, ಈ ಅರ್ಧ ನಿಮಿಷಕ್ಕೆ ಏನಂತೀರಿ?’ ಎಂದು ಮೇಷ್ಟ್ರು ಎಲ್ಲರ ಮುಖ ನೋಡಿದರು. ಎರಡೂ ಒಂದೇ ಸಿನಿಮಾದೊಳಗೆ ಇವೆ. ಯಾವುದನ್ನು ಎತ್ತಿಕೊಂಡು ಜಗಳಕ್ಕೆ ಬರುತ್ತೇವೆ ಎಂಬುದು ನಮ್ಮ ನಮ್ಮ ರಾಜಕೀಯ.

ಈ ಹೊತ್ತಿಗೆ ಬರಲೇಬೇಕಿದ್ದ ಮಾತು ಬಂತು: ಫ್ರಾನ್ಸಿನ ನಿರ್ದೇಶಕ ತ್ರೂಫೋ 1973ರಲ್ಲಿ ಹೇಳಿದ್ದು, ಯುದ್ಧದ ಬಗ್ಗೆ ಮಾಡಿದ ಯಾವ ಸಿನಿಮಾ ಆದರೂ ಕೊನೆಗೆ ಯುದ್ಧದ ಪರವಾಗಿಯೇ ನಿಲ್ಲುತ್ತದೆ ಎಂದು. ಚರ್ಚೆಯಲ್ಲಿ ಇದನ್ನು ಬ್ರಹ್ಮಾಸ್ತ್ರದಂತೆ ಎಸೆಯುವವರೇ ಜಾಸ್ತಿ, ಪರೀಕ್ಷಿಸುವವರು ಕಡಿಮೆ. ಅವನ ಮಾತಿಗೆ ಅತಿ ಗಟ್ಟಿ ಸಾಕ್ಷಿ ‘ಜಾರ್‌ಹೆಡ್’ (2005) ಎಂಬ ಸಿನಿಮಾದೊಳಗೇ ಇದೆ. ಕೊಲ್ಲಿ ಯುದ್ಧಕ್ಕೆ ಹೊರಡಲಿರುವ ಅಮೆರಿಕದ ಮರೀನ್ ಸೈನಿಕರು ಕೊಪ್ಪೊಲಾನ ‘ಅಪೊಕ್ಯಾಲಿಪ್ಸ್ ನೌ’ (1979) ನೋಡುತ್ತ ಕೂತಿದ್ದಾರೆ. ಜರ್ಮನ್ ಸಂಗೀತಕಾರ ವಾಗ್ನರನ ಸಂಗೀತ ಹಾಕಿಕೊಂಡು ಹೆಲಿಕಾಪ್ಟರುಗಳು ವಿಯೆಟ್ನಾಮಿನ ಹಳ್ಳಿಯ ಮೇಲೆ ಎರಗುವ ದೃಶ್ಯಕ್ಕೆ ಶಿಳ್ಳೆ, ಚಪ್ಪಾಳೆ, ಕೇಕೆ. ಯುದ್ಧದ ಹುಚ್ಚನ್ನು ತೋರಿಸಲು ತೆಗೆದ ದೃಶ್ಯ ಅವರಿಗೆ ಹುರುಪಿನ ಟಾನಿಕ್. ಎರಡೂ ಸಿನಿಮಾಗಳ ಎಡಿಟಿಂಗಿನಲ್ಲಿ ಕೈಯಿದ್ದವನು ವಾಲ್ಟರ್ ಮರ್ಚ್. ತಾನು 26 ವರ್ಷದ ಹಿಂದೆ ಕೆಲಸ ಮಾಡಿದ ಸಿನಿಮಾದ ದೃಶ್ಯ ಎಲ್ಲಿಗೆ ಹೋಗಿ ಮುಟ್ಟಿತು ಎಂಬುದನ್ನು ಅವನೇ ಕತ್ತರಿಸಿ ಜೋಡಿಸಿದ.

ಆದರೆ ತ್ರೂಫೋ ಆ ಮಾತು ಹೇಳಿ ಹನ್ನೆರಡು ವರ್ಷದ ಮೇಲೆ ಸೋವಿಯತ್ ನಿರ್ದೇಶಕ ಎಲೆಮ್ ಕ್ಲಿಮೊವ್‌ನ ‘ಕಮ್ ಆ್ಯಂಡ್ ಸೀ’ (1985) ಬಂತು. ಅದನ್ನು ನೋಡಿ ಯಾರೂ ಶಿಳ್ಳೆ ಹೊಡೆದದ್ದನ್ನು ನಾನು ಕಂಡಿಲ್ಲ. ನಾಜಿಗಳ ಕೈಕೆಳಗಿನ ಬೆಲಾರೂಸ್, ಮಣ್ಣಿನಿಂದ ಬಂದೂಕು ಅಗೆದು ತೆಗೆದು ಸಂಭ್ರಮದಿಂದ ಪಾರ್ಟಿಸನ್ನರ (ನಾಜಿಗಳ ವಿರುದ್ಧದ ಗೆರಿಲ್ಲಾ ಹೋರಾಟಗಾರರು) ಜೊತೆ ಸೇರುವ ಹುಡುಗ. ಚೌಕಾಕಾರದ ತೆರೆ, ನಟ ನೇರ ನಮ್ಮ ಕಣ್ಣಿಗೇ ಕಣ್ಣಿಡುತ್ತಾನೆ. ಇಲ್ಲಿ ಸೌಂಡ್ ಹುಡುಗಿ ರಿಮೋಟ್ ಕಿತ್ತುಕೊಂಡಳು. ಎರಡು ದೃಶ್ಯ ಹಿಂದೆ ಮುಂದೆ ಹಾಕಿ ಕೇಳಿಸಿದಳು. ಒಮಾಹಾದಲ್ಲಿ ಸಿನಿಮಾದ ನಾಯಕ ಕ್ಯಾಪ್ಟನ್ ಮಿಲ್ಲರ್ ಪಕ್ಕ ಸ್ಫೋಟವಾಗಿ ಅವನ ಕಿವಿ ಮುಚ್ಚಿಹೋಗುತ್ತದೆ, ಹೊರಗಿನ ಶಬ್ದ ನೀರಿನಡಿಯ ಗೊಗ್ಗರು ದನಿಯಾಗುತ್ತದೆ, ಸ್ವಲ್ಪ ಹೊತ್ತಿಗೆ ಸರಿಹೋಗಿ ಅವನು ಆಜ್ಞೆ ಕೊಡಲು ಶುರುಮಾಡುತ್ತಾನೆ. ಕ್ಲಿಮೊವ್‌ನಲ್ಲೂ ಅದೇ ತಂತ್ರ: ಕಾಡಿನ ಮೇಲೆ ಬಾಂಬ್ ಬಿದ್ದು ಹುಡುಗನ ಕಿವಿಯಲ್ಲಿ ಗುಂಯ್ ಎನ್ನುವ ಸದ್ದು. ಅದು ಹೋಗುವುದೇ ಇಲ್ಲ. ದೃಶ್ಯ ಬದಲಾದರೂ ನಿಮಿಷಗಟ್ಟಲೆ ಉಳಿಯುತ್ತದೆ, ಮಾತು ಅರ್ಧಂಬರ್ಧ ಕೇಳುತ್ತದೆ, ನಮ್ಮ ತಲೆಯೇ ಕೆಟ್ಟಂತಾಗುತ್ತದೆ.

‘ಒಬ್ಬ ಕಿವಿ ವಾಪಸ್ ಕೊಡ್ತಾನೆ, ಇನ್ನೊಬ್ಬ ಕೊಡಲ್ಲ. ಕಿವಿ ಬಂದರೆ ಮುಂದೆ ಹೋರಾಡಬಹುದು ಅಲ್ವಾ ಸಾರ್?’ ಎಂದು ಸುಬೇದಾರರನ್ನು ಕೇಳಿದಳು.

‘ಒಂದು ಬಂಕರ್ ಫೈರಿಂಗ್ ಆದ ಮೇಲೆ ಎರಡು ದಿನ ಗುಂಯ್ ಅಂತಿತ್ತಮ್ಮ. ಹಿಂದಿ ಸಿನಿಮಾದವರಿಗೆ ಕಿವಿಯೇ ಇಲ್ಲ, ಮಷಿನ್‌ಗನ್ ಪಕ್ಕ ನಿಂತು ಭಾಷಣ ಮಾಡ್ತಾರೆ’ ಎಂದರು ಅವರು.

ಯುದ್ಧದ ಪರವೋ ವಿರುದ್ಧವೋ ಎಂಬ ತಗಾದೆಗೆ ನನಗೆ ಸಿಕ್ಕ ಅತ್ಯಂತ ಉಪಯುಕ್ತ ಅಳತೆಗೋಲು ಇದೇ. ಪಾತ್ರಗಳು ಬಾಯಲ್ಲಿ ಏನು ಹೇಳುತ್ತವೆ ಎಂಬುದಲ್ಲ, ಏಟು ತಿಂದ ಮೇಲೆ ಸಿನಿಮಾ ಎಷ್ಟು ಬೇಗ ಸುಧಾರಿಸಿಕೊಳ್ಳುತ್ತದೆ ಎಂಬುದು.

ಹಾಗೆಂದು ಕ್ಲಿಮೊವ್‌ಗೆ ರಾಜಕೀಯ ಇಲ್ಲವೆಂದಲ್ಲ. ಸೋವಿಯತ್ ಅಧಿಕಾರಿಗಳು ಈ ಚಿತ್ರಕಥೆಯನ್ನು ವರ್ಷಗಟ್ಟಲೆ ತಡೆದಿಟ್ಟಿದ್ದರು, ಕೊನೆಗೆ ಅದೇ ಸರ್ಕಾರದ ಸ್ಟುಡಿಯೋಗಳು ಜರ್ಮನಿಯ ಮೇಲಿನ ವಿಜಯದ 40ನೇ ವರ್ಷಕ್ಕೆ ಅದನ್ನು ತಯಾರಿಸಿದವು. ಜರ್ಮನರು ಇಲ್ಲಿ ಬಹುಪಾಲು ರಾಕ್ಷಸರೇ. ಬೆಲಾರೂಸಿನ 628 ಹಳ್ಳಿಗಳನ್ನು ಜನರ ಸಮೇತ ಸುಟ್ಟರು ಎಂಬ ಸಾಲು ಕೊನೆಗೆ ತೆರೆಯ ಮೇಲೆ ಬರುತ್ತದೆ. ಅದಕ್ಕೆ ಮೊದಲು ಹುಡುಗ ಕೆಸರಿನಲ್ಲಿ ಬಿದ್ದ ಹಿಟ್ಲರನ ಚಿತ್ರಕ್ಕೆ ಗುಂಡು ಹೊಡೆಯುತ್ತಾನೆ. ಒಂದೊಂದು ಗುಂಡಿಗೂ ಚರಿತ್ರೆ ಹಿಂದಕ್ಕೆ ಓಡುತ್ತದೆ, ಸುದ್ದಿಚಿತ್ರಗಳು ಉಲ್ಟಾ ಓಡಿ ತಾಯಿಯ ಮಡಿಲಲ್ಲಿರುವ ಕೂಸು ಹಿಟ್ಲರನ ಫೋಟೋಗೆ ಬಂದು ನಿಲ್ಲುತ್ತವೆ. ಅಲ್ಲಿ ಹುಡುಗ ಹೊಡೆಯುವುದಿಲ್ಲ. ಪ್ರಚಾರಚಿತ್ರಕ್ಕೆ ಬೇಕಿರದ ಒಂದು ನಿಮಿಷ ಅದು.

ಊಟದ ನಂತರ ‘ದಿ ಬ್ಯಾಟಲ್ ಆಫ್ ಆಲ್ಜಿಯರ್ಸ್’ (1966). ಫ್ರಾನ್ಸಿನ ವಿರುದ್ಧ ಅಲ್ಜೀರಿಯಾದ ಹೋರಾಟ, ನಿರ್ದೇಶಕ ಜಿಲ್ಲೊ ಪೊಂಟೆಕೊರ್ವೊ. ಥೇಟು ನ್ಯೂಸ್‌ರೀಲಿನಂತೆ ಕಾಣುತ್ತದೆ, ಆದರೆ ಒಂದಡಿ ನ್ಯೂಸ್‌ರೀಲನ್ನೂ ಬಳಸಿಲ್ಲ. ಕರ್ನಲ್ ಮಾಥ್ಯೂ ಪಾತ್ರದ ಜೀನ್ ಮಾರ್ಟಿನ್ ಬಿಟ್ಟರೆ ಮುಖ್ಯ ಪಾತ್ರದಲ್ಲಿ ವೃತ್ತಿನಟರಿಲ್ಲ. ಹೋರಾಟದ ನಾಯಕರಲ್ಲಿ ಒಬ್ಬನಾಗಿದ್ದ ಸಾದಿ ಯಾಸೆಫ್ ತನ್ನನ್ನೇ ಹೋಲುವ ಪಾತ್ರ ಮಾಡಿದ್ದಾನೆ. ನಾವು ನೋಡಿದ್ದು ಮೂವರು ಹೆಂಗಸರು ಯೂರೋಪಿಯನ್ನರ ವೇಷ ತೊಟ್ಟು, ಕೂದಲು ಕತ್ತರಿಸಿಕೊಂಡು, ಚೆಕ್‌ಪೋಸ್ಟ್ ದಾಟಿ ಬಾಂಬ್ ಇಟ್ಟು ಬರುವ ಭಾಗ. ಬಾಂಬಿನ ಚೀಲ ಕಾಲಿನಿಂದ ಒಳಕ್ಕೆ ತಳ್ಳಿದ ಮೇಲೆ ಕ್ಯಾಮೆರಾ ಹೊರಡುವುದಿಲ್ಲ. ಸುತ್ತ ಕುಳಿತವರ ಮುಖ ಒಂದೊಂದಾಗಿ ತೋರಿಸುತ್ತದೆ, ಐಸ್‌ಕ್ರೀಮ್ ನೆಕ್ಕುವ ಪುಟ್ಟ ಮಗುವನ್ನೂ ಸೇರಿಸಿ. ಇದಕ್ಕೆ ಮೊದಲು ಪೊಲೀಸರ ಕಡೆಯವರು ಅಲ್ಜೀರಿಯನ್ನರ ಹಳೆಯ ಕೇರಿಯಾದ ಕಸ್ಬಾದ ಮನೆಗಳಿಗೆ ಬಾಂಬ್ ಇಟ್ಟದ್ದನ್ನು, ಅವಶೇಷದಿಂದ ಮಕ್ಕಳ ಹೆಣ ತೆಗೆದದ್ದನ್ನು ನೋಡಿರುತ್ತೇವೆ. ಎರಡೂ ಕಡೆಯ ಸಾವಿಗೆ ಒಂದೇ ಶೋಕಸಂಗೀತ.

‘ಹಾಗಾದರೆ ಇದು ಯಾರ ಪರ?’ ಎಂಬ ಪ್ರಶ್ನೆಗೆ ಗಲಾಟೆ ಜೋರಾಯಿತು. ಸಿನಿಮಾ ಅಲ್ಜೀರಿಯಾದ ಪರ, ಅದರಲ್ಲಿ ಮುಚ್ಚುಮರೆ ಇಲ್ಲ. ಆದರೆ ಪರ ನಿಲ್ಲುವುದಕ್ಕಾಗಿ ಎದುರಿನವರ ಹೆಣಗಳನ್ನು ಮುಚ್ಚಿಟ್ಟಿಲ್ಲ, ಫ್ರೆಂಚ್ ಕರ್ನಲನನ್ನು ದಡ್ಡನನ್ನಾಗಿಯೂ ಮಾಡಿಲ್ಲ. ಅದಕ್ಕೇ ಇರಬೇಕು, ಫ್ರಾನ್ಸಿನಲ್ಲಿ ವರ್ಷಗಟ್ಟಲೆ ತೆರೆ ಕಾಣದ ಈ ಸಿನಿಮಾವನ್ನು 2003ರಲ್ಲಿ, ಇರಾಕ್ ಕೈಮೀರುತ್ತಿದ್ದಾಗ, ಅಮೆರಿಕದ ರಕ್ಷಣಾ ಇಲಾಖೆ ಪೆಂಟಗನ್ ತನ್ನ ಅಧಿಕಾರಿಗಳಿಗೆ ಹಾಕಿ ತೋರಿಸಿತು.

‘ಡನ್‌ಕರ್ಕ್’ (2017) ನೋಲನ್ ಅಭಿಮಾನಿಗಳಿಗಾಗಿ ಇಟ್ಟದ್ದು. 1940ರಲ್ಲಿ ಜರ್ಮನರು ಸುತ್ತುವರಿದ ಬ್ರಿಟಿಷ್ ಸೈನಿಕರನ್ನು ಫ್ರಾನ್ಸಿನ ತೀರದಿಂದ ಪಾರುಮಾಡಿದ ಕಥೆ. ದಡದ ಕಥೆಗೆ ಒಂದು ವಾರ, ಕಡಲಿನದಕ್ಕೆ ಒಂದು ದಿನ, ಆಕಾಶದ್ದಕ್ಕೆ ಒಂದು ಗಂಟೆ. ಮೂರನ್ನೂ ಹೆಣೆದು 106 ನಿಮಿಷ. ಗಿಮಿಕ್ ಎನ್ನುವವರಿಗೆ ಒಂದು ಉತ್ತರ ಸಿಲಿಯನ್ ಮರ್ಫಿಯ ಪಾತ್ರ. ಕಡಲಿನ ಕಥೆಯಲ್ಲಿ ಅವನು ಗಡಗಡ ನಡುಗುವ, ವಾಪಸ್ ಹೋಗಲಾರೆ ಎನ್ನುವ ಮನುಷ್ಯ. ಎಷ್ಟೋ ಹೊತ್ತಿನ ಮೇಲೆ ದಡದ ಕಥೆಯ ರಾತ್ರಿಯಲ್ಲಿ ಅದೇ ಮನುಷ್ಯ ದೋಣಿಯಲ್ಲಿ ಕೂತು, ನೀರಿನಲ್ಲಿರುವವರಿಗೆ ಜಾಗವಿಲ್ಲ, ತೇಲುತ್ತಿರಿ ಎಂದು ತಣ್ಣಗೆ ಆಜ್ಞೆ ಕೊಡುತ್ತಾನೆ. ಕಾಲಾನುಕ್ರಮದಲ್ಲಿ ಹೇಳಿದ್ದರೆ ಧೈರ್ಯವಂತ ಕುಸಿದ ಕಥೆ. ಹೀಗೆ ಹೇಳಿದ್ದರಿಂದ ನಾವು ಹೇಡಿ ಎಂದುಕೊಂಡವನ ಹಿಂದಿನ ದಿನ ಕಾಣುತ್ತದೆ. ಇನ್ನು ಆ ತೀರದಲ್ಲಿ ಕಾಣದವರು: 1940ರಲ್ಲಿ ಬ್ರಿಟಿಷ್ ಪಡೆಯ ಜೊತೆ ಹೇಸರಗತ್ತೆ ಓಡಿಸುತ್ತ ಫ್ರಾನ್ಸಿನಲ್ಲಿದ್ದ ಭಾರತೀಯ ಸೈನಿಕರ ನಾಲ್ಕು ಕಂಪನಿಗಳು. ಲಕ್ಷಾಂತರ ಜನರ ನಡುವೆ ಅವರು ಕೆಲವೇ ನೂರು ಮಂದಿ ಎಂಬ ವಾದ ಬಂತು. ಸಾವಿರಾರು ಎಕ್ಸ್‌ಟ್ರಾಗಳ ನಡುವೆ ಒಂದು ಪೇಟ ಇಡಲು ಎಷ್ಟು ಖರ್ಚು ಎಂದು ಸುಬೇದಾರರು ಕೇಳಿದರು. ನನ್ನ ಓಟು ಅವರಿಗೆ.

ಕೊನೆಗೆ ಮನೆಯ ಹತ್ತಿರಕ್ಕೆ ಬಂದೆವು. ಜೆ.ಪಿ. ದತ್ತಾರ ‘ಬಾರ್ಡರ್’ (1997). 1971ರ ಡಿಸೆಂಬರ್ 4ರ ರಾತ್ರಿ ರಾಜಸ್ಥಾನದ ಲೋಂಗೆವಾಲಾ ಠಾಣೆಯಲ್ಲಿ ನಮ್ಮ ಸುಮಾರು 120 ಜನ ಪಾಕಿಸ್ತಾನದ ಟ್ಯಾಂಕ್ ಪಡೆಯನ್ನು ಬೆಳಗಾಗುವವರೆಗೆ ತಡೆದು ನಿಲ್ಲಿಸಿದರು, ಬೆಳಕು ಹರಿದ ಮೇಲೆ ಜೈಸಲ್ಮೇರಿನಿಂದ ಬಂದ ನಮ್ಮ ವಾಯುಪಡೆಯ ಹಂಟರ್ ವಿಮಾನಗಳು ಟ್ಯಾಂಕುಗಳನ್ನು ಹೊಡೆದವು. ನಮ್ಮ ಕಡೆ ಸತ್ತವರು ಇಬ್ಬರು. ಸಿನಿಮಾದಲ್ಲಿ ಒಬ್ಬರ ಮೇಲೊಬ್ಬರು ಹುತಾತ್ಮರಾಗುತ್ತಾರೆ. ಸುನಿಲ್ ಶೆಟ್ಟಿ ಮಾಡಿದ ಭೈರೋನ್ ಸಿಂಗ್ ಪಾತ್ರವೂ ಸಾಯುತ್ತದೆ. ನಿಜವಾದ ಭೈರೋನ್ ಸಿಂಗ್ ರಾಥೋಡ್ ತೀರಿಕೊಂಡದ್ದು 2022ರ ಡಿಸೆಂಬರಿನಲ್ಲಿ. ಸುಬೇದಾರರಿಗೆ ಇದ್ದ ಸಿಟ್ಟು ಇದರ ಮೇಲೆಯೇ: ‘ಎಲ್ಲರನ್ನೂ ಬದುಕಿಸಿಕೊಂಡು ಠಾಣೆ ಉಳಿಸಿದ್ದು ದೊಡ್ಡ ಕೆಲಸ. ಅದನ್ನ ತೋರ್ಸಕ್ಕೆ ಬರಲ್ಲ ಇವರಿಗೆ.’

ಇಂಥ ಸಿನಿಮಾಗಳು ಹೀಗೇಕೆ ಎಂಬುದಕ್ಕೆ ನಿರ್ದೇಶಕನ ಮನಸ್ಸಿನಷ್ಟೇ ಸಾಮಾನಿನ ಲೆಕ್ಕವೂ ಕಾರಣ. ಟ್ಯಾಂಕ್, ವಿಮಾನ, ಕಂಟೋನ್ಮೆಂಟಿನ ಜಾಗ ಸೇನೆಯದು. ಅವು ಬೇಕಾದರೆ ಸ್ಕ್ರಿಪ್ಟ್ ತೋರಿಸಿ ಒಪ್ಪಿಗೆ ಪಡೆಯಬೇಕು. 2020ರ ಜುಲೈನಲ್ಲಿ ರಕ್ಷಣಾ ಸಚಿವಾಲಯ ಸೆನ್ಸಾರ್ ಮಂಡಳಿಗೆ ಪತ್ರ ಬರೆದು, ಸೇನೆಯ ಕಥೆ ಇರುವ ಸಿನಿಮಾ, ವೆಬ್ ಸರಣಿಗಳಿಗೆ ನಿರಾಕ್ಷೇಪಣಾ ಪತ್ರ ಬೇಕೆಂದಿತು. ಅಮೆರಿಕದಲ್ಲೂ ಅಷ್ಟೇ: ‘ಟಾಪ್ ಗನ್’ಗೆ ನೌಕಾಪಡೆಯ ವಿಮಾನ ಸಿಕ್ಕವು, ‘ಅಪೊಕ್ಯಾಲಿಪ್ಸ್ ನೌ’ಗೆ ಸಿಗಲಿಲ್ಲ. ಕೊಪ್ಪೊಲಾ ಫಿಲಿಪೀನ್ಸಿನ ಮಾರ್ಕೋಸ್ ಸರ್ಕಾರದಿಂದ ಹೆಲಿಕಾಪ್ಟರ್ ಪಡೆದ. ಅವು ಬಂಡುಕೋರರ ಮೇಲೆ ದಾಳಿಗೆಂದು ಶೂಟಿಂಗ್ ಮಧ್ಯದಲ್ಲೇ ಎದ್ದು ಹೋಗುತ್ತಿದ್ದವು.

ಕನ್ನಡದ್ದೇನಿದೆ ಎಂದಾಗ ಎಲ್ಲರ ಬಾಯಲ್ಲೂ ಒಂದೇ ಹೆಸರು, ರಾಜೇಂದ್ರಸಿಂಗ್ ಬಾಬು ಅವರ ‘ಮುತ್ತಿನ ಹಾರ’ (1990). ಕೊಡಗಿನ ಯೋಧನಾಗಿ ವಿಷ್ಣುವರ್ಧನ್, ನರ್ಸ್ ಆಗಿ ಸುಹಾಸಿನಿ. ಅದರ ಬಲ ಇರುವುದು ಯುದ್ಧದ ದೃಶ್ಯಗಳಲ್ಲಿ ಅಲ್ಲ, ಮನೆಯೊಳಗೆ ಬೀಳುವ ಪೆಟ್ಟಿನಲ್ಲಿ, ಬಾಲಮುರಳಿಕೃಷ್ಣರ ದನಿಯಲ್ಲಿ. ಕಣ್ಣೀರು ಹಿಂಡುತ್ತದೆ ಎಂದು ಒಬ್ಬರು ಮೂಗು ಮುರಿದರು. ‘ಒಂದು ಶಾಟ್ ಹೇಳಿ ಮೊದಲು’ ಎಂದು ನಾಲ್ಕು ಜನ ಒಟ್ಟಿಗೆ ಮೇಲೆ ಬಿದ್ದರು.

ಮುಂದಿನ ಸಲಕ್ಕೆ ಹಾಲಿವುಡ್ಡಿನ ಕ್ಲಿಂಟ್ ಈಸ್ಟ್‌ವುಡ್‌ನ ಜೋಡಿ ಸಿನಿಮಾಗಳು, ಈ ಸಲ ಪೂರ್ತಿ. ಎರಡೂ 2006ರವು, ಎರಡೂ ಇವೊ ಜಿಮಾ ದ್ವೀಪದ ಕದನ; ಒಂದು ಅಮೆರಿಕದ ಕಡೆಯಿಂದ, ಇನ್ನೊಂದು ಜಪಾನಿನ ಕಡೆಯಿಂದ, ಅದೂ ಜಪಾನಿ ಭಾಷೆಯಲ್ಲೇ. ಬಿಡುಗಡೆಯಾದ ಕ್ರಮದಲ್ಲೇ ‘ಫ್ಲ್ಯಾಗ್ಸ್ ಆಫ್ ಅವರ್ ಫಾದರ್ಸ್’ ಮೊದಲು ನೋಡೋಣ ಎಂದು ಸೌಂಡ್ ಹುಡುಗಿ. ಬೇಡ, ‘ಲೆಟರ್ಸ್ ಫ್ರಮ್ ಇವೊ ಜಿಮಾ’ ಮೊದಲಿರಲಿ, ಸುರಂಗದೊಳಗೆ ಯಾರಿದ್ದರು ಎಂದು ಗೊತ್ತಾದ ಮೇಲೆ ಬಾವುಟ ಏರುವುದನ್ನು ನೋಡಿ ಎಂದು ಮೇಷ್ಟ್ರು. ಚಪ್ಪಲಿ ಮೆಟ್ಟಿಕೊಳ್ಳುವಾಗಲೂ ಇದು ಬಗೆಹರಿದಿರಲಿಲ್ಲ.